ಕಂಪನಿ ಅಂಗಡಿಯ ಬ್ರೋಂಕಾ

ಸಿಗಡಿ ಸಿಪ್ಪೆ ಬಿಡಿಸುವವರ ಬೆರಳಿಗೆ ಉಗುರು ನಿಲ್ಲುವುದಿಲ್ಲ. ಸಿಗಡಿಯ ರಸ ಚರ್ಮ ತಿನ್ನುತ್ತದೆ, ಬೂಟಿನ ತೊಗಲನ್ನೂ ತಿನ್ನುತ್ತದೆ. ಅಮೆರಿಕದ ದಕ್ಷಿಣ ಕರಾವಳಿಯ ಬಿಲಾಕ್ಸಿಯಲ್ಲಿ, ಸಿಗಡಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆಯ ಹೆಂಗಸರು ಸಂಜೆಯಾದರೆ ಪಟಿಕದ ನೀರಿನಲ್ಲಿ ಕೈ ಅದ್ದಿ, ಹಲ್ಲು ಕಚ್ಚಿ ಕೂರುತ್ತಿದ್ದರು.

ಚಳಿಗಾಲ ಬಂತೆಂದರೆ ಕಂಪನಿಯವರು ದೂರದ ಉತ್ತರದ ಬಾಲ್ಟಿಮೋರ್‌ನಿಂದ ಪೋಲಿಷ್ ಹೆಂಗಸರನ್ನು ರೈಲಿಗೆ ತುಂಬಿಕೊಂಡು ಬರುತ್ತಿದ್ದರು. ವಿಧವೆ ಅಪೊಲೋನಿಯಾ, ಅವಳ ಮಗಳು ಬ್ರೋಂಕಾ ಹಾಗೆ ಬಂದವರು.

ಆ ವರ್ಷ ಕ್ಯಾಮೆರಾ ಹೊತ್ತ ಯಾರೋ ಒಬ್ಬ ಇಂಥ ಕೈಗಳ ಫೋಟೋ ತೆಗೆದು ಪತ್ರಿಕೆಗೆ ಕೊಟ್ಟುಬಿಟ್ಟ. ಮಾನ ಹೋದ ಕಂಪನಿ ತನ್ನದೇ ಫೋಟೋದವನನ್ನು ಕರೆಸಿತು. ಮೇಸ್ತ್ರಿ ಟ್ರಸ್ಕಾಟ್ ಬ್ರೋಂಕಾಗೆ ಬಿಳಿ ಏಪ್ರನ್ ಕಟ್ಟಿಸಿ ನಿಲ್ಲಿಸಿದ.

"ಕೈ ಹಿಂದಕ್ಕೆ ಕಟ್ಟು. ಹಾಂ, ಈಗ ನಗು."

"ಕೈ ಬಾತಿದೆ ಸಾಹೇಬ್ರೇ. ಮಡಚಕ್ಕೇ ಆಗ್ತಿಲ್ಲ."

"ನಿನ್ ಕೈ ಯಾರಿಗ್ ಬೇಕು? ಹಲ್ಲು ತೋರ್ಸು."

ಬ್ರೋಂಕಾ ನಕ್ಕಳು. ಏಪ್ರನ್ ಬಿಚ್ಚಿಸಿಕೊಂಡು ಮತ್ತೆ ಸಿಗಡಿ ರಾಶಿಗೆ ಅಟ್ಟಿದರು. ಕೈಯ ಕೀವು ತೋಳಿಗೇರಿತು. ಡಾಕ್ಟರನ್ನು ಕರೆಸಿ ಎಂದು ಅಪೊಲೋನಿಯಾ ಗೋಗರೆದಳು. "ಸೀಸನ್ ಮುಗೀಲಿ" ಅಂದ ಟ್ರಸ್ಕಾಟ್. ಸೀಸನ್‌ಗಿಂತ ಮೊದಲೇ ಮಗಳು ಮುಗಿದಳು.

ಮುಂದಿನ ಚಳಿಗಾಲ ಹೊಟ್ಟೆ ಅಪೊಲೋನಿಯಾಳನ್ನು ಮತ್ತೆ ಅಲ್ಲಿಗೇ ಎಳೆತಂದಿತು. ಬ್ರೆಡ್ಡಿಗೆಂದು ಕಂಪನಿ ಅಂಗಡಿಗೆ ಹೋದವಳು ಬಾಗಿಲಲ್ಲೇ ಕಲ್ಲಾದಳು. ಗೋಡೆಯ ಮೇಲೆ, ಮೊರದಗಲದ ಫೋಟೋದಲ್ಲಿ ಬ್ರೋಂಕಾ ನಗುತ್ತಿದ್ದಳು.

"ಕೆಳಗೇನೋ ಬರ್ದಿದಾರಲ್ಲೇ?"

ಜೊತೆಗೆ ಬಂದಿದ್ದ ಪಕ್ಕದ ಗುಡಿಸಲಿನ ವಲೇರ್ಕಾಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಓದಿ ತಲೆ ತಗ್ಗಿಸಿದಳು.

"ಇಲ್ಲಿ ಎಲ್ರೂ ಆರೋಗ್ಯವಾಗಿದಾರೆ ಅಂತ, ಅಕ್ಕಾ."

ಅಂದಿನಿಂದ ಕೆಲಸಕ್ಕೆ ನಿಂತರೆ ಬೆನ್ನ ಮೇಲೆ ಆ ಕಣ್ಣು. ಸಿಗಡಿ ರಾಶಿಯೊಳಗೂ ಅದೇ ಹಲ್ಲು. ಮಗಳು ನಗು ನಿಲ್ಲಿಸಲೊಲ್ಲಳು. ಇನ್ನು ಸಾಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲವಲ್ಲ.

"ನನ್ನ ಮಗೂನ ನಂಗೆ ಕೊಟ್ಬಿಡಿ ಸಾಹೇಬ್ರೇ."

"ಮುಟ್ಬೇಡ. ಅದು ಕಂಪನಿ ಸ್ವತ್ತು."

"ಬದುಕಿದ್ದಾಗ ನಿಮ್ಮ ಆಳು. ಸತ್ತ ಮೇಲೂನಾ?"

ಟ್ರಸ್ಕಾಟ್ ಭುಜ ಕುಣಿಸಿ ಹೋದ. ಅಪೊಲೋನಿಯಾ ತುಂಬಿದ ಅಂಗಡಿಯಲ್ಲೇ ಸ್ಟೂಲು ಹತ್ತಿ, ಫೋಟೋ ಇಳಿಸಿ, ಶಾಲಿನಲ್ಲಿ ಸುತ್ತಿಕೊಂಡು ನಡೆದಳು. ಬೆಳಿಗ್ಗೆ ನೋಡಿದರೆ ಅದೇ ಮೊಳೆಗೆ ಇನ್ನೊಬ್ಬ ಬ್ರೋಂಕಾ. ಅದೇ ನಗು. ಅದನ್ನೂ ಇಳಿಸಿದಳು. ಮತ್ತೊಂದು ಬಂತು.

"ಕಂತೆಗಟ್ಟಲೆ ಇದಾವೆ ಕಣೇ ಮುದುಕಿ," ಅಂದ ಟ್ರಸ್ಕಾಟ್. "ಎಷ್ಟು ಅಂತ ಕೀಳ್ತೀಯ?"

ಅಪೊಲೋನಿಯಾ ಮತ್ತೆ ಸ್ಟೂಲು ಎಳೆದುಕೊಂಡಳು. ಬ್ರೆಡ್ಡಿನ ಸಾಲು ಬಿಟ್ಟು ವಲೇರ್ಕಾ ಮುಂದೆ ಬಂದಳು.

"ನೀನು ಕೂತ್ಕೋ ಅಕ್ಕಾ. ಇವತ್ತಿಂದು ನಾನು ಇಳಿಸ್ತೀನಿ."

"ನಾಳೇದು ನಂದು," ಅಂದಿತು ಸಾಲಿನಲ್ಲೊಂದು ದನಿ.

"ನಾಡಿದ್ದು ನಂದು," ಅಂದಿತು ಅದರ ಹಿಂದಿನದು.