ಗಾಲಿ ಹಿಂದಿನ ಕಲ್ಲು
ಬಲಗಡೆ ಕನ್ನಡಿಯಲ್ಲಿ ಟೊಪ್ಪಿಗೆ ಮಾತ್ರ ಕಾಣುತ್ತಿದೆ, ಈಗ ಬಗ್ಗಿದರು, ಈಗ ಕಲ್ಲು ಕಾಣುತ್ತಿದೆ, ಎರಡೂ ಕೈಯಲ್ಲಿ ಹಿಡಿದಿದ್ದಾರೆ ನನ್ನ ಗಂಡ ಅಲ್ತಾಫ, ನಾಲ್ಕು ವರ್ಷ ನಾನು ಹಿಡಿದದ್ದೂ ಹಾಗೆಯೇ, ಹಿಡೀರಿ, ನಿಮಗೂ ಒಮ್ಮೆ ಗೊತ್ತಾಗಲಿ — ಸ್ಟೇರಿಂಗ್ ಗಡಗಡ ನಡುಗಿ ಮೊಣಕೈತನಕ ಬರುತ್ತಿದೆ, ಡೀಸೆಲ್ ವಾಸನೆ ಗಂಟಲಿಗೆ ಹತ್ತಿದೆ, ಗಜೇಂದ್ರಗಡದ ಗುಡ್ಡದ ಏರಿನಲ್ಲಿ ಅರ್ಧಕ್ಕೆ ನಿಲ್ಲಿಸಿದ್ದೇನೆ, ಬೇಕಂತಲೇ ನಿಲ್ಲಿಸಿದ್ದೇನೆ, ಹಿಂದೆ ಟ್ರೇಲರ್ ಮೇಲೆ ನಮ್ಮ ಶಾವಿಗೆ ಮಷಿನ್, ಊರೂರು ಸುತ್ತಿ ನಮಗೆ ಅನ್ನ ಹಾಕುವ ಮಷಿನ್. ಪಕ್ಕದ ಸೀಟಿನಲ್ಲಿ ಹಳೇ ಗಾಡಿ ಮಾರುವ ಪ್ರಭುಲಿಂಗಪ್ಪ ಬಾಗಿಲ ಹಿಡಿಕೆ ಬಿಗಿಯಾಗಿ ಹಿಡಿದು ಕೂತಿದ್ದಾನೆ, ಮುಂಜಾನೆಯಿಂದ ಇವನದು ಒಂದೇ ರಾಗ, ಅಕ್ಕಾರ, ಪೆಟ್ರೋಲ್ ಪಿಕಪ್ ತಗೋರಿ, ಸಪ್ಪಳಿಲ್ಲ, ಹೊಗಿ ಇಲ್ಲ, ಬಾಜೂಕ ಕುಂತ ಹೆಣ್ಮಕ್ಳಿಗೆ ಆರಾಮ — ಬಾಜೂಕ ಕೂತದ್ದು ಯಾವಾಗಪ್ಪ ನಾನು?

ಏರು ಬಂತೆಂದರೆ ಇವರು ಅನ್ನುವುದು, ನಾಹೀದ, ಇಳಿ, ಕಲ್ಲ ತಗೋ. ಜಕ್ಕಲಿಯಲ್ಲೂ ಅದೇ, ಚಿಕ್ಕನರಗುಂದದಲ್ಲೂ ಅದೇ, ನಮ್ಮ ಹಳೇ ಪೆಟ್ರೋಲ್ ಗಾಡಿ ಏರಿನಲ್ಲಿ ನಿಂತರೆ ಒಂದು ಗೇಣು ಹಿಂದೆ ಸರಿದೇ ಮುಂದೆ ಹೋಗುವುದು, ಆ ಒಂದು ಗೇಣಿನೊಳಗೆ ನಾನು ಗಾಲಿಗೆ ಕಲ್ಲು ಕೊಡಬೇಕು, ಕೈ ತೆಗೆಯಬೇಕು, ಹೋದ ಬೇಸಿಗೆ ಯಾವಗಲ್ ಹಳ್ಳದ ದಂಡೆಯಲ್ಲಿ ಕೈ ತೆಗೆಯುವುದು ತಡವಾಯಿತು, ನಡುಬೆರಳಿನ ಉಗುರು ಹೋಯಿತು, ಹಿಟ್ಟು ನಾದುವಾಗ ಇನ್ನೂ ಚುರ್ ಅನ್ನುತ್ತದೆ, ಇವರು ಕೂತಲ್ಲಿಂದಲೇ ಅಂದರು, ಲಗೂ ಕೈ ತಗೀಬಾರದೇನ. ಲಗೂ ಅಂತೆ. ಅವತ್ತೇ ಹಟ ಹುಟ್ಟಿತು, ಗದಗಿಗೆ ಓಡಾಡಿ ಲೈಸೆನ್ಸ್ ಮಾಡಿಸಿದೆ, ಓಣಿಗೆ ಓಣಿಯೇ ನಕ್ಕಿತು, ಶ್ಯಾವಿಗಿ ನಾಹೀದ ಡ್ರೈವರ್ ಆಗ್ತಾಳಂತ, ನಗ್ರಿ, ಯಾರು ಬ್ಯಾಡ ಅಂದ್ರು. ಹಳೇ ಗಾಡಿ ಮೂಲೆಗೆ ಬಿತ್ತು, ನನಗೆ ಡೀಸೆಲ್ ಬೇಕು, ಏರಿನಲ್ಲಿ ಜಗ್ಗುವ ಕಸುವು ಅದಕ್ಕೇ, ಇವರಿಗೆ ಮತ್ತೆ ಪೆಟ್ರೋಲೇ ಬೇಕು, ಡೀಸೆಲ್ ಕೆಟ್ರ ರಿಪೇರಿ ಭಾಳ ತ್ರಾಸ, ನಿನಗೇನ ಗೊತ್ತದ ಇಂಜಿನ್. ಇಂಜಿನ್ ಗೊತ್ತಿಲ್ಲ, ಗಾಲಿ ಗೊತ್ತು ನನಗೆ. ಪ್ರಭುಲಿಂಗಪ್ಪನ ಕಡೆ ಪೆಟ್ರೋಲು, ಡೀಸೆಲ್ಲು ಎರಡೂ ಅದಾವ, ಟ್ರೇಲರ್ ಕಟ್ಟಿ ಎರಡನ್ನೂ ಏರಸೋಣು, ನಾ ಹೊಡೀತೀನಿ, ನೀವ ಕಲ್ಲ ಹಿಡೀರಿ ಅಂದೆ, ಇವರು ಚಹಾದ ಕಪ್ಪು ಅರ್ಧಕ್ಕೇ ಕೆಳಗಿಟ್ಟರು.

ಅರ್ಧ ತಾಸಿನ ಹಿಂದೆ ಇದೇ ಜಾಗದಲ್ಲಿ ಆ ಪೆಟ್ರೋಲ್ ಪಿಕಪ್, ಸದ್ದೇನೋ ಮೆತ್ತಗೆ, ಬ್ರೇಕ್ ಬಿಟ್ಟೆ, ಒಂದು ಗೇಣು, ಅದೇ ಒಂದು ಗೇಣು, ಹಿಂದಿನಿಂದ ಯಾ ಅಲ್ಲಾ ಅನ್ನುವ ಕೂಗು, ಕಲ್ಲು ಕೊಟ್ಟು ಎದ್ದವರ ಮುಖ ಬಿಳಚಿಕೊಂಡಿತ್ತು, ಬೆರಳು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಪಾಪ ಅನಿಸಿತು, ಸಿಟ್ಟೂ ಬಂತು, ನಾಲ್ಕು ವರ್ಷದ ಸಿಟ್ಟು. ಗಾಡೀದ ತಪ್ಪಲ್ರಿ, ಅಕ್ಕಾರಿಗೆ ಕ್ಲಚ್ ಬಿಡಾಕ ಬರಂಗಿಲ್ಲ ಅಂದ ಪ್ರಭುಲಿಂಗಪ್ಪ, ಇವರೂ ತಲೆಯಾಡಿಸಿದರು, ಈಗ ಈ ಡೀಸೆಲ್ ಗಾಡಿಯೂ ಹಿಂದೆ ಸರಿದರೆ ಮುಗಿಯಿತು, ನಾಳೆಯಿಂದ ಮತ್ತೆ ಪೆಟ್ರೋಲ್, ಮತ್ತೆ ನನ್ನ ಕೈಗೇ ಕಲ್ಲು. ಸರಿಯಲಿ ನೋಡೋಣ. ಬ್ರೇಕ್ ಬಿಡುತ್ತಿದ್ದೇನೆ, ಕ್ಲಚ್ ಅರ್ಧಕ್ಕೆ, ಟ್ರೇಲರ್ ಕೊಂಡಿ ಕಟಕ್ ಅಂದಿತು, ಜಗ್ಗಿತು — ಹಿಂದೆ ಹೋಗಲಿಲ್ಲ, ಒಂದು ಬೆರಳಷ್ಟೂ ಹೋಗಲಿಲ್ಲ, ಮುಂದೆ, ಏರು ಹತ್ತುತ್ತಿದ್ದೇನೆ, ನಿಲ್ಲಸ್ರಿ ಅಕ್ಕಾರ, ಯಜಮಾನ್ರು ಹಿಂದ ಉಳದ್ರು, ಉಳೀಲಿ, ನಡೆದು ಬರಲಿ, ನಾನೂ ನಡೆದಿದ್ದೇನೆ, ತಗೊಳ್ಳುವುದು ಇದೇ ಗಾಡಿ, ಡೀಸೆಲ್ಲೇ, ಕನ್ನಡಿಯಲ್ಲಿ ರಸ್ತೆ ನಡುವೆ ಇವರು ಸಣ್ಣಗಾಗುತ್ತಿದ್ದಾರೆ, ಕೆಳಗಿಡಲೂ ತೋಚದೆ ನಿಂತಿದ್ದಾರೆ, ಕೈಯಲ್ಲಿ ಕಲ್ಲು, ಎರಡೂ ಕೈಯಲ್ಲಿ ಕಲ್ಲು