ಸುರಂಗದ ತನಕ

ಅಳಿಯನಿಗೆ ಸುಳ್ಳು ಹೇಳಿ ಮೊಮ್ಮಗಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ನನ್ನ ಬಾಯಿ ಬಿಡಿಸುವ ಕಷ್ಟ ಪಡುವುದು ಬೇಡ.

"ಇವಳ ಶೂ ಕಚ್ಚುತ್ತಂತೆ, ಹೊಸದು ಕೊಡಿಸ್ಕೊಂಡು ಬರ್ತೀನಿ," ಎಂದೆ. ಅಳಿಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ದಿನವಿಡೀ ಜನರ ಕಣ್ಣು ನೋಡಿ ಅಭ್ಯಾಸ, ನನ್ನ ಕಣ್ಣನ್ನೂ ಹಾಗೇ ನೋಡಿದ.

"ಆ ಮುಳ್ಳುಹಂದಿ ಪಿಕ್ಚರ್‌ಗೆ ಮಾತ್ರ ಕರ್ಕೊಂಡು ಹೋಗ್ಬೇಡಿ ಅತ್ತೆ. ಈಗೀಗ ಸರಿಯಾಗಿ ನಿದ್ದೆ ಮಾಡ್ತಿದಾಳೆ."

"ನಂಗೇನು ಬೇರೆ ಕೆಲಸ ಇಲ್ವಾ?" ಎಂದು ಅವನ ಮೇಲೇ ರೇಗಿದೆ. ಸುಳ್ಳು ಹೇಳುವಾಗ ನನಗೆ ಕೋಪ ತಾನಾಗಿ ಬರುತ್ತದೆ.

ಆ ಸಿನಿಮಾದ ಮುಳ್ಳುಹಂದಿ ಮರಿಗೆ ದನಿ ಕೊಟ್ಟವಳು ನನ್ನ ಮಗಳು. ಎಲ್ಲೋ ಯಾರೋ ಮಾಡಿದ ಕಾರ್ಟೂನ್ ಸಿನಿಮಾಗಳನ್ನು ನಮ್ಮ ಮಾತಿಗೆ ತರುವ ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳ ಕೆಲಸ. ಪರದೆಯ ಮೇಲೆ ಪ್ರಾಣಿ ಬಾಯಿ ಆಡಿಸಿದ ಹಾಗೆ ಇವಳು ಮೈಕಿನ ಮುಂದೆ ನಿಂತು ಮಾತು ಕೂರಿಸಬೇಕು. ಇಲಿ, ಕಪ್ಪೆ, ಹಲ್ಲಿಲ್ಲದ ರಾಜ, ಏನು ಬೇಕಾದರೂ ಆಗುತ್ತಿದ್ದಳು. "ಓದಿಸಿದ್ದಕ್ಕೂ ಸಾರ್ಥಕ ಆಯ್ತು, ಕಪ್ಪೆ ಆದೆಯಲ್ಲೇ," ಎಂದು ಆಡಿಕೊಳ್ಳುತ್ತಿದ್ದೆ. ಒಂಬತ್ತು ತಿಂಗಳ ಹಿಂದೆ ಹೋಗಿಬಿಟ್ಟಳು. ಶ್ವಾಸಕೋಶದ ಕಾಯಿಲೆ. ಅವಳ ಮಗಳಿಗೆ ಆಗ ಐದು ವರ್ಷ. ತೆಳ್ಳಗಿದ್ದಾಳೆಂದು ಮನೆಯಲ್ಲಿ ಎಲ್ಲರಿಗೂ ಅವಳು ಕಡ್ಡಿ.

ನಾನು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ತಲೆಗೆ ಹೆಡ್‌ಫೋನು, ಎದುರಿಗೆ ತೂತುಗಳ ಬೋರ್ಡು, ಕೈಯಲ್ಲಿ ವೈರು. "ಹಲೋ" ಎನ್ನುವುದಕ್ಕೂ ಮುಂಚಿನ ಕೆಮ್ಮಿನಲ್ಲೇ ಇಂಥವರು ಎಂದು ಹೇಳಿಬಿಡುತ್ತಿದ್ದೆ. ಹಲ್ಲು ಕೀಳಿಸಿಕೊಂಡು ಬಾಯಿ ತುಂಬ ಹತ್ತಿ ತುರುಕಿಕೊಂಡಿದ್ದ ಡಾಕ್ಟರೊಬ್ಬರನ್ನೂ ಗುರುತು ಹಿಡಿದಿದ್ದೆ. "ನಿನ್ನ ಕಿವಿ ಮ್ಯೂಸಿಯಂನಲ್ಲಿ ಇಡ್ಬೇಕು ಕಣಮ್ಮ," ಎನ್ನುತ್ತಿದ್ದರು ನಮ್ಮ ಸೂಪರ್‌ವೈಸರ್. ಜಂಬ ಎಂದರೆ ನನಗಿದ್ದದ್ದು ಅದೊಂದೇ ಜಂಬ.

ಅಂಥ ನನಗೆ ಹೋದ ತಿಂಗಳು ಒಂದು ಬೆಳಿಗ್ಗೆ ಪಾತ್ರೆ ತೊಳೆಯುವಾಗ ಮಗಳ ದನಿ ನೆನಪಾಗಲಿಲ್ಲ. ಅವಳು "ಅಮ್ಮಾ" ಎನ್ನುವುದನ್ನು ನೆನೆಸಿಕೊಳ್ಳಲು ಹೋದೆ. ಮುಖ ಬಂತು, ಕತ್ತಿನ ಮಚ್ಚೆ ಬಂತು, ಬಾಯಿಯೂ ತೆರೆಯಿತು, ಸದ್ದು ಬರಲಿಲ್ಲ. ಕೈಯಲ್ಲಿದ್ದ ಲೋಟವನ್ನು ಸಿಂಕಿನಲ್ಲೇ ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ. ಅವಳ ಫೋನನ್ನು ಅಳಿಯ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ; ಮಗು ಅದರ ವಿಡಿಯೋಗಳನ್ನು ಕಿವಿಗೆ ಒತ್ತಿಕೊಂಡು ನಿದ್ದೆಯೇ ಮಾಡುತ್ತಿರಲಿಲ್ಲ ಎಂದು. ಕೇಳಿದ್ದರೆ ನನಗೆ ಕೊಡುತ್ತಿದ್ದನೇನೋ. ಕೇಳಲು ನನಗೆ ಮುಖವಿರಲಿಲ್ಲ.

ಯಾಕೆಂದರೆ ಮಗಳ ಕಡೆಯ ಕೆಲಸವನ್ನು, ಇದೇ ಮುಳ್ಳುಹಂದಿಯ ಸಿನಿಮಾವನ್ನು, ಅರ್ಧಕ್ಕೆ ನಿಲ್ಲಿಸಿದವಳು ನಾನು. ಉಸಿರು ಸಾಲದಿದ್ದರೂ ಅವಳು ಸ್ಟುಡಿಯೋಕ್ಕೆ ಹೋಗುತ್ತಿದ್ದಳು. ಕಥೆಯ ಮೊದಲಿನಿಂದ ಸಾಲಾಗಿ ಮಾತಾಡುತ್ತೇನೆ, ಎಷ್ಟಾಗುತ್ತೋ ಅಷ್ಟಾಗಲಿ ಎಂದು ಹಠ. ಎರಡು ಮಾತು, ಒಂದು ಗಳಿಗೆ ಕುರ್ಚಿ, ಮತ್ತೆ ಎರಡು ಮಾತು. ಮನೆಗೆ ಬರುವಾಗ ತುಟಿ ನೀಲಿ ತಿರುಗಿರುತ್ತಿತ್ತು. ನೋಡಲಾರದೆ ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ಸ್ಟುಡಿಯೋಕ್ಕೆ ಫೋನ್ ಮಾಡಿದೆ.

"ಅವಳಿನ್ನು ಬರಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ಅವರೇ ಹೇಳಿದ್ರಾ ಅಮ್ಮ?" ಎಂದು ರೆಕಾರ್ಡಿಂಗ್‌ನವನು ಕೇಳಿದ.

"ಹೂಂ, ಅವಳೇ ಹೇಳಿದ್ಲು."

ಗೊತ್ತಾದಾಗ ಮಗಳು ಕೂಗಾಡಲಿಲ್ಲ. ಕೂಗಾಡಲು ಉಸಿರಾದರೂ ಎಲ್ಲಿತ್ತು? "ಅದನ್ನ ಕಡ್ಡಿಗೋಸ್ಕರ ಇಟ್ಟು ಹೋಗೋಣ ಅಂತಿದ್ದೆ. ನಿನ್ನನ್ನ ಯಾರು ಕೇಳಿದ್ರು ಅಮ್ಮ?" ಎಂದಳು. ಆಮೇಲೆ ಹದಿನೇಳು ದಿನ ಇದ್ದಳು. ನೀರು, ಮಾತ್ರೆ, ಕಿಟಕಿ ಮುಚ್ಚು, ಇಷ್ಟು ಬಿಟ್ಟು ನನ್ನೊಡನೆ ಬೇರೆ ಮಾತಾಡಲಿಲ್ಲ.

ಎಲ್ಲ ಮುಗಿದ ಮೇಲೆ ರೆಕಾರ್ಡಿಂಗ್‌ನವನನ್ನು ಕೇಳಿದ್ದೆ, ಎಷ್ಟಾಗಿತ್ತಪ್ಪ ಎಂದು. "ಹೆಚ್ಚೂಕಮ್ಮಿ ಎಲ್ಲಾ ಆಗಿತ್ತಮ್ಮ. ಉಳಿದಿದ್ದಕ್ಕೆ ಒಬ್ಬ ಹುಡುಗಿ ಸಿಕ್ಕಿದಾಳೆ, ಥೇಟ್ ಅವರ ಥರಾನೇ ಮಾತಾಡ್ತಾಳೆ," ಎಂದ. ಆ ಹೆಚ್ಚೂಕಮ್ಮಿಯನ್ನೇ ಹಿಡಿದುಕೊಂಡು ಒಂಬತ್ತು ತಿಂಗಳು ತಳ್ಳಿದ್ದೆ. ಅದು ನಿಜವೋ, ಅಳುವ ಮುದುಕಿಯ ಬಾಯಿ ಮುಚ್ಚಿಸಲು ಹೇಳಿದ ಮಾತೋ, ನನಗೆ ಗೊತ್ತಾಗಬೇಕಿತ್ತು. ನನ್ನ ಒಂದು ಫೋನಿನಿಂದ ಎಷ್ಟು ಹಾಳಾಯಿತು ಎಂದು ನನ್ನ ಕಿವಿಯಿಂದಲೇ ಕೇಳಬೇಕಿತ್ತು. ಒಬ್ಬಳೇ ಹೋಗಲು ಧೈರ್ಯ ಸಾಲದೆ ಆ ಎಳೆಯದನ್ನು ಜೊತೆಗೆ ಎಳೆದುಕೊಂಡು ಹೋದೆ. ಇದೂ ಒಂದು ಅಜ್ಜಿಯ ಪ್ರೀತಿ, ಥೂ!

ಸಿನಿಮಾ ಇದ್ದದ್ದು ಅಂಗಡಿಗಳ ದೊಡ್ಡ ಕಟ್ಟಡದ ಮೂರನೇ ಮಹಡಿಯಲ್ಲಿ.

"ಅಜ್ಜಿ, ಶೂ ಅಂಗಡಿ ಕೆಳಗೇ ಹೋಯ್ತು," ಎಂದಳು ಕಡ್ಡಿ, ಎಸ್ಕಲೇಟರಿನಲ್ಲಿ.

"ಗೊತ್ತು. ಬಾಯಿ ಮುಚ್ಕೊಂಡು ಬಾ."

"ಅಪ್ಪಂಗೆ ಹೇಳ್ಬಾರ್ದಾ?"

"ಪಾಪ್‌ಕಾರ್ನ್ ಬೇಕೋ ಬೇಡ್ವೋ?"

"ಬೇಕು."

"ಹಾಗಾದ್ರೆ ಹೇಳ್ಬಾರ್ದು."

ಬಾಗಿಲಿನವನು ಅವಳಿಗೆ ಕೂರಲು ಒಂದು ದಪ್ಪ ಮೆತ್ತೆ ಕೊಟ್ಟ. ದೀಪ ಆರಿತು. ಪರದೆಯ ಮೇಲೆ ಒಂದು ಗುಡ್ಡ, ಗುಡ್ಡದಲ್ಲಿ ಬಿಲ, ಬಿಲದಿಂದ ಚುಚ್ಚು ಎಂಬ ಮುಳ್ಳುಹಂದಿ ಮರಿ ತಲೆ ಹೊರಗೆ ಹಾಕಿ, "ಯಾರ್ರೀ ಅದು, ನನ್ನ ಮನೆ ಮೇಲೆ ಕೂತಿರೋದು?" ಎಂದಿತು.

ನಾನು ಪರದೆ ನೋಡಲಿಲ್ಲ, ಮಗುವನ್ನು ನೋಡುತ್ತಿದ್ದೆ. ಅವಳು ಕಿಲಕಿಲ ನಕ್ಕು ಪಾಪ್‌ಕಾರ್ನ್ ಬಾಯಿಗೆ ಹಾಕಿಕೊಂಡಳು. ಅಮ್ಮ ಎನ್ನಲಿಲ್ಲ, ಅಳಲಿಲ್ಲ. ಸದ್ಯ ಬದುಕಿದೆ ಎಂದುಕೊಂಡೆ. ಹಿಂದೆಯೇ ಸಿಟ್ಟೂ ಬಂತು: ಹೆತ್ತವಳ ದನಿ ಇಷ್ಟು ಬೇಗ ಮರೆತೇಹೋಯಿತೇ ಈ ಹುಡುಗಿಗೆ?

ನನಗೆ ಮಾತ್ರ ಮೈಯೆಲ್ಲ ಜುಮ್ಮೆಂದಿತು. ಅವಳೇ. ಮಾತಿನ ಕೊನೆಯನ್ನು ಚೂರು ಮೇಲಕ್ಕೆತ್ತಿ ಬಿಡುವವಳು ಅವಳೊಬ್ಬಳೇ. ಸತ್ತವಳು ಆ ಕತ್ತಲೆಯಲ್ಲಿ ನಾಲ್ಕೂ ಗೋಡೆಯಿಂದ ಮಾತಾಡುತ್ತಿದ್ದಳು. ಒಮ್ಮೆ ನನ್ನ ಬೆನ್ನ ಹಿಂದಿನಿಂದಲೇ "ಬಾರೋ ಇಲ್ಲಿ" ಎಂದಾಗ ತಿರುಗಿಯೇ ನೋಡಿದೆ. ಯಾರೋ ಗಂಡಸು ತನ್ನ ಮಗುವಿನ ಮೂಗು ಒರೆಸುತ್ತಿದ್ದ.

ಗುಡ್ಡ ಅಗೆಯಲು ಯಂತ್ರಗಳು ಬಂದವು, ಬಿಲ ಹೋಯಿತು. ಚುಚ್ಚು ಬೇರೆ ಗುಡ್ಡ ಹುಡುಕಲು ಕಲ್ಲಿದ್ದಲಿನ ರೈಲು ಹತ್ತಿದ. ರೈಲು ಸುರಂಗದೊಳಗೆ ನುಗ್ಗಿತು. ಪರದೆಯೆಲ್ಲ ಕಪ್ಪು, ಸಭಾಂಗಣವೆಲ್ಲ ಕಪ್ಪು. ಆ ಕಪ್ಪಿನಲ್ಲಿ ನನ್ನ ಮಗಳು ಸಣ್ಣಗೆ ಕೇಳಿದಳು: "ಯಾರಾದ್ರೂ ಇದ್ದೀರಾ?"

ನಾನಿದ್ದೀನಿ ಕಣೇ ಎಂಬ ಮಾತು ಗಂಟಲಿಗೆ ಬಂದುಬಿಟ್ಟಿತ್ತು. ಕೈಯಿಂದ ಬಾಯಿ ಒತ್ತಿಕೊಂಡೆ.

ರೈಲು ಹೊರಗೆ ಬಂತು, ಕಥೆ ಮುಂದೆ ಓಡಿತು. ಸ್ವಲ್ಪ ಹೊತ್ತಿಗೆ ಕಡ್ಡಿ ಮೆತ್ತೆಯ ಮೇಲೆ ಅತ್ತಿತ್ತ ಹೊರಳತೊಡಗಿದಳು.

"ಅಜ್ಜಿ, ಮನೆಗೆ ಹೋಗೋಣ."

"ಸುಮ್ನಿರು."

"ಸಾಕು ಅಜ್ಜಿ, ಹೋಗೋಣ."

"ಇನ್ನೊಂದ್ಸಲ ಅಂದ್ರೆ ನೋಡು!"

ಅವಳು ಬಾಯಿ ಮುಚ್ಚಿ ಮುದುಡಿ ಕೂತಳು. ನಾನು ಅತ್ತ ಗಮನವೇ ಕೊಡಲಿಲ್ಲ. ಒಂದೊಂದು ಮಾತನ್ನೂ ಕಿವಿಯಲ್ಲಿ ಹಿಡಿದು ನೋಡುತ್ತಿದ್ದೆ: ಇದೂ ಅವಳೇ, ಇದೂ ಅವಳೇ. ಕಾಗೆಯೊಡನೆ ಜಗಳ, ಅವಳೇ. ನದಿಯಲ್ಲಿ ಬಿದ್ದು ಬಿಕ್ಕಿದ್ದು, ಅವಳೇ. ಕೊನೆಗೆ ಚುಚ್ಚು ಹೊಸ ಗುಡ್ಡದ ಮೇಲೆ ನಿಂತು, "ಇನ್ಮೇಲೆ ಇದೇ ನನ್ನ ಮನೆ!" ಎಂದು ಕೂಗಿದಾಗ ನಾನು ಗೊಳೋ ಎಂದು ಅತ್ತುಬಿಟ್ಟೆ. ಪೂರ್ತಿ ಮಾಡಿದ್ದಾಳೆ. ಹೇಗೋ ಕದ್ದು ಹೋಗಿ ಮುಗಿಸಿ ಬಂದಿದ್ದಾಳೆ ನನ್ನ ಹಠಮಾರಿ. ನನ್ನ ಫೋನಿನಿಂದ ಏನೂ ಕೆಟ್ಟಿಲ್ಲ. ಎದೆಯ ಮೇಲಿನ ಕಲ್ಲು ಜಾರಿಬಿತ್ತು.

ಹೊರಗೆ ಕೈತೊಳೆಯುವ ಜಾಗದ ಪಕ್ಕ ಒಂದು ಬೆಂಚು. ಅಲ್ಲಿ ಕೂತು ಮುಖ ಒರೆಸಿಕೊಂಡೆ. ಇನ್ನು ಮುಚ್ಚಿಡುವುದು ಯಾಕೆ ಎನಿಸಿತು.

"ಕಡ್ಡಿ, ಚುಚ್ಚು ಥರ ಮಾತಾಡಿದ್ದು ಯಾರು ಗೊತ್ತಾ?"

"ಅಮ್ಮ," ಎಂದಳು, ಏನೂ ವಿಶೇಷವಿಲ್ಲವೆಂಬಂತೆ.

"ಎಲಾ ಇವಳ! ಗೊತ್ತಿದ್ದೂ ಸುಮ್ನೆ ಕೂತಿದ್ಯಾ?"

"ಅಜ್ಜಿ ಮುಂದೆ ಅಮ್ಮನ ವಿಷ್ಯ ಎತ್ಬೇಡ, ಅಳ್ತಾರೆ ಅಂತ ಅಪ್ಪ ಹೇಳಿದಾರೆ." ನನ್ನ ಮುಖವನ್ನೇ ನೋಡಿದಳು. "ನೀನು ಅತ್ತೇಬಿಟ್ಟೆ. ಆದ್ರೆ ಯಾಕಜ್ಜಿ ಆಮೇಲೆ ಅತ್ತಿದ್ದು? ಆಗ ಅಮ್ಮ ಇರ್ಲೇ ಇಲ್ಲ."

"ಇರ್ಲಿಲ್ಲ ಅಂದ್ರೆ?"

"ಸುರಂಗದ ತನಕ ಅಮ್ಮ. ಆಚೆ ಬಂದ್ಮೇಲೆ ಬೇರೆ ಯಾರೋ. ಅಮ್ಮ ಮಾತಾಡೋಕೆ ಮುಂಚೆ ಚೂರು ಉಸಿರು ಎಳ್ಕೊಳ್ತಾಳೆ. ಇವಳು ಎಳ್ಕೊಳ್ಳಲ್ಲ. ಅದಕ್ಕೇ ಮನೆಗೆ ಹೋಗೋಣ ಅಂದೆ."

ಸುರಂಗ ಬಂದದ್ದು ಕಥೆ ಶುರುವಾಗಿ ಅರ್ಧ ಗಂಟೆಗೆಲ್ಲ. ಅಲ್ಲಿಂದಾಚೆ ಒಂದು ಗಂಟೆಯ ಮೇಲೆ ನಾನು ಯಾವಳೋ ಗುರುತಿಲ್ಲದವಳ ದನಿಯನ್ನು ಮಗಳೆಂದು ಎದೆಗವಚಿಕೊಂಡು ಕೂತಿದ್ದೆ. ಮೂವತ್ತೊಂದು ವರ್ಷದ ಕಿವಿಯಂತೆ, ಮ್ಯೂಸಿಯಂನಲ್ಲಿ ಇಡಬೇಕಂತೆ!

"ಅಮ್ಮ ಯಾಕಜ್ಜಿ ಮಧ್ಯದಲ್ಲೇ ಬಿಟ್ಲು?" ಎಂದಳು ಕಡ್ಡಿ.

ಕಾಯಿಲೆ ಎನ್ನಬಹುದಿತ್ತು. ಬೆಳಗಿನಿಂದ ಅಷ್ಟು ಸುಳ್ಳು ಹೇಳಿದವಳಿಗೆ ಇದೊಂದು ಭಾರವೇ? ಆದರೂ ಬಾಯಿ ಬರಲಿಲ್ಲ.

"ಅವಳು ಬಿಡ್ಲಿಲ್ಲ. ನಾನು ಬಿಡಿಸ್ದೆ. ಅವಳು ಬರಲ್ಲ ಅಂತ ಫೋನ್ ಮಾಡಿ ಹೇಳಿದ್ದು ನಾನೇ."

ಅವಳು ಜಾರಿದ ಕಾಲುಚೀಲ ಎಳೆದುಕೊಂಡಳು. "ಮಾತಾಡಿದ್ರೆ ಸತ್ತೋಗ್ತಾಳೆ ಅಂತಾನಾ?"

"ಹೂಂ."

"ಮಾತಾಡ್ದೆ ಇದ್ದಿದ್ದಕ್ಕೆ ಬದುಕಿದ್ಲಾ?"

"ಇಲ್ಲ ಪುಟ್ಟ."

"ಮತ್ತೆ?"

ನಾನು ತಲೆ ತಗ್ಗಿಸಿ ಕೂತೆ. ಅವಳು ಬೆಂಚಿನಿಂದ ಇಳಿದಳು. ನನ್ನನ್ನು ಬಿಟ್ಟು ನಡೆದೇಬಿಡುತ್ತಾಳೆ ಎಂದುಕೊಂಡೆ, ನನಗೆ ಅದು ಆಗಬೇಕಾದದ್ದೇ. ಅವಳು ಎದುರಿಗೆ ನಿಂತು, "ಇನ್ನೊಂದ್ಸಲ ಹೋಗೋಣ ಅಜ್ಜಿ. ಸುರಂಗದ ತನಕ ಕೇಳಿ ಎದ್ದು ಬರೋಣ," ಎಂದಳು.

"ಈಗ ತಾನೇ ನೋಡಿದ್ರಲ್ಲಮ್ಮ?" ಎಂದ ಬಾಗಿಲಿನವನು, ಮುಂದಿನ ಆಟಕ್ಕೆ ನಾನು ತೆಗೆದ ಟಿಕೆಟ್ ಹರಿಯುತ್ತಾ.

"ನಿದ್ದೆ ಬಂದಿತ್ತು," ಎಂದೆ.

ಕತ್ತಲಾದ ಮೇಲೆ ಕಡ್ಡಿ ನನ್ನ ಅಂಗೈ ಬಿಡಿಸಿ ತನ್ನ ಬೆರಳು ಇಟ್ಟಳು. "ಅಮ್ಮ ಹೋದ ತಕ್ಷಣ ಒತ್ತೀನಿ, ಆಗ ನಿಂಗೂ ಗೊತ್ತಾಗುತ್ತೆ." ನಾನು ಬೋರ್ಡಿನ ಮುಂದೆ ಕೂರುತ್ತಿದ್ದ ಹಾಗೆ ಕಣ್ಣು ಮುಚ್ಚಿಕೊಂಡೆ. ಗುಡ್ಡ ಬಂತು, ಯಂತ್ರಗಳು ಬಂದವು, ರೈಲು ಬಂತು. ಪ್ರತಿ ಮಾತಿಗೆ ಮುಂಚೆ ಆ ಚೂರು ಉಸಿರಿಗೆ ಕಾದೆ. ಮಗಳೇ, ಒಂದೇ ಒಂದು ಸಲ ಎಂದು ಬೇಡಿಕೊಂಡೆ. "ಯಾರಾದ್ರೂ ಇದ್ದೀರಾ?" ರೈಲಿನ ಸದ್ದು ಅಗಲವಾಯಿತು, ರೆಪ್ಪೆಯ ಮೇಲೆ ಬೆಳಕು ಬಿತ್ತು. "ಅಬ್ಬಬ್ಬಾ, ಬದುಕಿದೆ!" ಎಂದ ಚುಚ್ಚು. ಅಂಗೈಯಲ್ಲಿ ಬೆರಳು ಗಟ್ಟಿಯಾಗಿ ಒತ್ತಿತು.

ಅದೇ ದನಿ. ಕೊನೆಯನ್ನು ಮೇಲಕ್ಕೆತ್ತಿ ಬಿಡುವ ಅದೇ ರೀತಿ. ಉಸಿರು ಇತ್ತೆಂದರೆ ಇತ್ತು, ಇಲ್ಲವೆಂದರೆ ಇಲ್ಲ. ಆಚೆಯವಳು ಯಾರು, ಈಚೆಯವಳು ಯಾರು, ನನಗೆ ಕೂದಲೆಳೆಯಷ್ಟೂ ವ್ಯತ್ಯಾಸ ಕೇಳಿಸಲಿಲ್ಲ.

"ಗೊತ್ತಾಯ್ತಾ ಅಜ್ಜಿ?"

"ಗೊತ್ತಾಯ್ತು," ಎಂದೆ.

ಅವಳು ಎದ್ದಳು, ನಾನೂ ಎದ್ದೆ. "ಕೂತ್ಕೊಳ್ರೀ, ಕಾಣಲ್ಲ!" ಎಂದು ಯಾರೋ ಗದರಿದರು. ಕತ್ತಲೆಯಲ್ಲಿ ಮೆಟ್ಟಿಲು ತಡವಿಕೊಂಡು ಬಾಗಿಲ ಕಡೆ ಹೊರಟೆವು. "ಏಯ್, ಎಲ್ಲಿಗೆ ಹೊರಟೆ? ನಿಲ್ಲು!" ಎಂದು ಹಿಂದಿನಿಂದ ದನಿ ಬಂತು. ಚುಚ್ಚು ಕಾಗೆಗೆ ಹೇಳುವ ಮಾತು ಅದು, ನನಗೆ ಗೊತ್ತಿತ್ತು. ಆದರೂ ಕಾಲು ನಿಂತಿತು. ನನ್ನ ಮಗಳು ಕರೆಯುತ್ತಿದ್ದಾಳೆ ಎಂದೇ ಕಿವಿ ಹೇಳುತ್ತಿತ್ತು. ಅಲ್ಲ ಎನ್ನಲು ನನ್ನ ಬಳಿ ಇದ್ದದ್ದು ಆರು ವರ್ಷದ ಮಗುವಿನ ಮಾತೊಂದೇ. ಅವಳು ಕೈ ಹಿಡಿದು ಜಗ್ಗಿದಳು. ಅವಳ ಹಿಂದೆ ನಡೆದೆ.