ಮೇಲೆ ಹೋಗದ ಬಾಣ

ಹರಿಹರದ ಮಸ್ತಾನಸಾಬ್ ಹತ್ತಿ ಹಿಂಜಿ ಹೊಲಿದ ಗಾದಿಯ ಮೇಲೆ ಮಲಗಿದವರು ಸುಲಭಕ್ಕೆ ಏಳುತ್ತಿರಲಿಲ್ಲ. ಭಾನುವಳ್ಳಿಯ ಮದುಮಗನೊಬ್ಬ ಲಗ್ನದ ರಾತ್ರಿ ಮಲಗಿ ಕಣ್ಣುಬಿಡುವ ಹೊತ್ತಿಗೆ ಅವನ ಮಗನಿಗೆ ಮೀಸೆ ಬಂದಿತ್ತಂತೆ. ಮಗ ಹೇಗೆ ಹುಟ್ಟಿದ ಎಂದು ಯಾರಾದರೂ ಕೇಳಿದರೆ ಮಸ್ತಾನಸಾಬ್, "ಅದನ್ನ ಬಿಡ್ರಿ, ಗಾದಿ ಹೆಂಗಿತ್ತು ಅದನ್ನ ಕೇಳ್ರಿ" ಎನ್ನುತ್ತಿದ್ದ.

ಇಂಥ ಮಸ್ತಾನಸಾಬ್ ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಹತ್ತಿ ಬಡಿಯುವ ಬಿಲ್ಲು ಹೊತ್ತುಕೊಂಡು ದಾವಣಗೆರೆಯ ಸರಸ್ವತಿ ನಗರಕ್ಕೆ, ಮುರುಗೇಶಪ್ಪನವರ ಮನೆಯ ಆರು ಗಾದಿ ಹಿಂಜಲು ಬಂದಿದ್ದ. ಪಡಸಾಲೆಯಲ್ಲಿ ಹತ್ತಿ ಹಾರುತ್ತಿತ್ತು. ಒಳಕೋಣೆಯಲ್ಲಿ ಅವರ ಮಗಳು ಶಾಂತಕುಮಾರಿ ಕಂಪ್ಯೂಟರಿನಲ್ಲಿ ಮನೆಯ ನಕ್ಷೆ ಬರೆಯುತ್ತಿದ್ದಳು. ಮರುದಿನ ಅದನ್ನು ಎಂಜಿನಿಯರಿಂಗ್ ಕಾಲೇಜಿಗೆ ಒಪ್ಪಿಸಬೇಕಿತ್ತು. ಊಟ ಮುಗಿಸಿ ಬಂದು ಕೂತವಳೇ ಕೂಗಿದಳು.

"ಅಪ್ಪಾಜಿ, ಬಾಣ ಮ್ಯಾಲೆ ಹೋಗ್ತಿಲ್ಲ!"

ಮೌಸು ಆಡಿಸಿದರೆ ಪರದೆಯ ಮೇಲಿನ ಪುಟ್ಟ ಬಾಣ ಎಡಕ್ಕೆ ಬಲಕ್ಕೆ ಓಡುತ್ತಿತ್ತು; ಮೇಲೆ ಹೋಗೆಂದರೆ ಮಾತ್ರ ಹಟ ಹಿಡಿದ ಎಮ್ಮೆ. ನಕ್ಷೆಯನ್ನು ಡಿಸ್ಕಿಗೆ ಇಳಿಸುವ ಗುಂಡಿ ಇದ್ದದ್ದು ಪರದೆಯ ನೆತ್ತಿಯಲ್ಲಿ. ಅಲ್ಲಿಗೆ ತಲುಪುವ ಬೇರೆ ದಾರಿ ಅವಳಿಗೆ ಗೊತ್ತಿರಲಿಲ್ಲ. ದಿನವೂ ನಾಲ್ಕಕ್ಕೆ ಕರೆಂಟು ಹೋಗುತ್ತಿತ್ತು; ಹೋದರೆ ಬೆಳಗಿನಿಂದ ಬರೆದದ್ದೆಲ್ಲ ಅದರ ಜೊತೆಗೇ ಹೋಗುತ್ತಿತ್ತು. ಆಗಲೇ ಮೂರೂವರೆ.

"ರೇಡಿಯೋಕ್ಕೆ ಬಡಿದಂಗೆ ತಲಿಮ್ಯಾಲೆ ಒಂದು ಬಿಡ್ಲೇನ?" ಎಂದರು ಮುರುಗೇಶಪ್ಪ.

"ಬ್ಯಾಡ ಅಪ್ಪಾಜಿ! ಅಂಗಡಿಯವ್ರಿಗೆ ಫೋನ್ ಮಾಡ್ರಿ."

ಅಂಗಡಿಯವನು ಒಮ್ಮೆ ಆಫ್ ಮಾಡಿ ಆನ್ ಮಾಡಲು ಹೇಳಿದ. "ಆಫ್ ಮಾಡಂಗಿದ್ರೆ ನಿನಗ್ಯಾಕ ಫೋನ್ ಮಾಡ್ತಿದ್ನೋ ಮಾರಾಯ!" ಎಂದು ಮುರುಗೇಶಪ್ಪ ಫೋನು ಕುಕ್ಕಿದರು. ಶಾಂತಕುಮಾರಿ ವೈರು ಅಲುಗಾಡಿಸಿದಳು, ಮೇಜು ಒರೆಸಿದಳು, ಮೌಸನ್ನು ನೋಟ್‌ಬುಕ್ಕಿನ ಮೇಲೆ ಉಜ್ಜಿದಳು. ಏನೂ ಆಗಲಿಲ್ಲ. ಅವಳ ಕಣ್ಣು ತುಂಬಿತು.

ಬಾಗಿಲಲ್ಲಿ ನಿಂತಿದ್ದ ಮಸ್ತಾನಸಾಬ್ ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಎದೆ ಉಬ್ಬಿಸಿದ.

"ಆ ಕಡೆ ಸರೀರಿ ಅಮ್ಮಾರೆ. ಇಂಥವು ಬೊಂಬಾಯಾಗೆ ನೂರು ರಿಪೇರಿ ಮಾಡೀನಿ."

ಅವನು ಕಂಡ ಅತಿ ದೂರದ ಊರು ದಾವಣಗೆರೆಯ ಪಕ್ಕದ ಲೋಕಿಕೆರೆ.

ಮೌಸನ್ನು ಅಂಗಾತ ಮಾಡಿದ. ಹೊಟ್ಟೆಯ ಮೇಲೊಂದು ದುಂಡನೆ ಮುಚ್ಚಳ. ತಿರುಗಿಸಿದರೆ ಗೋಲಿಯಂಥದೊಂದು ಗುಂಡು ಅಂಗೈಗೆ ಬಿತ್ತು. ಒಳಗೆ ಎರಡು ಸಣ್ಣ ಉರುಳೆ. ಒಂದು ಸ್ವಚ್ಛ; ಇನ್ನೊಂದಕ್ಕೆ ಕದಿರಿಗೆ ನೂಲು ಸುತ್ತಿದಂತೆ ಬೆಳ್ಳನೆ ಹತ್ತಿ. ಗಾದಿ ಹೊಲಿಯುವ ದಬ್ಬಣದ ತುದಿಯಿಂದ ಅದನ್ನು ಎಳೆ ಎಳೆಯಾಗಿ ಬಿಡಿಸಿದ. ಅಷ್ಟು ಹೊತ್ತು ಸರಸ್ವತಿ ನಗರದ ಕಾಗೆಗಳೂ ಉಸಿರು ಬಿಗಿಹಿಡಿದಿದ್ದವು. ಗುಂಡು ಕೂರಿಸಿ, ಮುಚ್ಚಳ ತಿರುಗಿಸಿ, ಮೌಸು ಅವಳ ಕೈಗಿಟ್ಟ.

ಬಾಣ ಸರ್ರನೆ ನೆತ್ತಿಗೆ ಹಾರಿತು. ಡಿಸ್ಕು ಕರಕರ ಸದ್ದು ಮಾಡಿತು.

"ಇಳೀತು! ಅಪ್ಪಾಜಿ, ಇಳೀತು!"

ಐದು ನಿಮಿಷಕ್ಕೆ ಫ್ಯಾನು ನಿಂತಿತು, ಪರದೆ ಕಪ್ಪಾಯಿತು. ಮೂವರೂ ನಕ್ಕರು. ಕರೆಂಟು ಹೋದದ್ದಕ್ಕೆ ದಾವಣಗೆರೆಯಲ್ಲಿ ಯಾರಾದರೂ ಅಷ್ಟು ಸಂತೋಷಪಟ್ಟಿದ್ದು ಅದೇ ಮೊದಲು. ಮುರುಗೇಶಪ್ಪ ಒಳಗೆ ಕೂಗಿ ಚಹಾ ಹೇಳಿದರು.

"ಗಾಳ್ಯಾಗಿನ ಹತ್ತಿ ಅಮ್ಮಾರೆ" ಎಂದ ಮಸ್ತಾನಸಾಬ್, ಮೀಸೆ ತಿರುವುತ್ತ.

ಶಾಂತಕುಮಾರಿ ಆ ಹತ್ತಿಯ ಸುರುಳಿಯನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದಳು. "ಗಾಳ್ಯಾಗಿಂದು ಎರಡು ಉರುಳಿಗೂ ಹತ್ಬೇಕಿತ್ತಲ್ಲ ಸಾಬ್ರೇ? ಬಾಣನ್ನ ಮ್ಯಾಲೆ ಕೆಳಗೆ ಒಯ್ಯೋದಕ್ಕಷ್ಟೇ ಸುತ್ಕೊಂಡೈತಿ. ಇದನ್ನ ಯಾರೋ ಹತ್ತಿ ಮ್ಯಾಲಿಟ್ಟು ಹಿಂದಕ್ಕೂ ಮುಂದಕ್ಕೂ ಓಡ್ಸ್ಯಾರೆ. ನಾನು ಊಟಕ್ಕೆ ಹೋದಾಗ ಇಲ್ಲಿಗೆ ಯಾರ್ ಬಂದಿದ್ರು?"

ಮೀಸೆಯ ಮೇಲಿನ ಕೈ ಕೆಳಗಿಳಿಯಿತು.

"ನಾನೇ ಅಮ್ಮಾರೆ. ಬೆಳಗಿಂದ ಪಾಪ ಅದನ್ನ ಗಟ್ಟಿ ಮೇಜಿಗೆ ಉಜ್ತಿದ್ರಿ, ಕರುಳು ಚುರ್ ಅಂತು. ಅದಕ್ಕೂ ಅಂಗೈಯಷ್ಟು ಗಾದಿ ಮಾಡಾನ ಅಂತ ಹತ್ತಿ ಹಾಸಿ, ಮೆತ್ತಗಾತೋ ಇಲ್ಲೋ ಅಂತ ನಾಕ್ ಸಲ ಓಡಿಸಿ ನೋಡ್ದೆ. ನೀವು ಬರೋ ಸದ್ದಾತು, ಹತ್ತಿ ಎತ್ಕೊಂಡು ಹೋದೆ. ಬೊಂಬಾಯಿ ನಾನು ಕಂಡಿಲ್ಲ. ಮುಚ್ಚಳದ ಮ್ಯಾಲೆ ತಿರುಗಿಸೋ ಗುರ್ತಿತ್ತು, ತಿರುಗಿಸ್ದೆ. ಆ ಗುಂಡು ಕೈಗೆ ಬಿದ್ದಾಗ ಮುರಿದೇ ಹೋತು ಅಂದ್ಕೊಂಡಿದ್ದೆ ರೀ."